ಕೊಕ್ಕಿಲ್ಲದ ಗಿಳಿ ಮತ್ತು ಚುಕ್ಕಿಗಳು

ಎರಡು ತೆಳು ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಬಿಸಿಲಿಗೆ ಹಿಡಿದು ನೋಡಿದ್ದೀರಾ, ಇಲ್ಲ ಉಡುವುದೊಂದೇ ಗೊತ್ತಾ? ನೋಡಿಲ್ಲವಾದರೆ ಎದ್ದು ಹೋಗಿ ನೋಡಿ ಬನ್ನಿ. ನಾನು ಫೋನಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕುವವಳು. ನೀವು ಬರುವಷ್ಟರಲ್ಲಿ ಇನ್ನೊಂದು ಸಾಲು ಮುಗಿದಿದ್ದರೆ ಹೆಚ್ಚು.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗ ಓಡುತ್ತಿದ್ದಾಗ ನಾನೇ ನನ್ನ ನಾದಿನಿಗೆ ಒಂದು ರೇಷ್ಮೆ ಸೀರೆ ನೇಯ್ದಿದ್ದೆ. ಸೆರಗಿನ ತುಂಬಾ ಗಿಳಿಗಳು. ಮೂಲೆಯ ಒಂದು ಗಿಳಿಗೆ ಮಾತ್ರ ಕೊಕ್ಕಿಲ್ಲ. ಅವಳು ಕಲ್ಲಿಗೆ ಬಡಿದು ಒಗೆದದ್ದರಿಂದಲೇ ಅದು ಹೋಯಿತೆಂದು ಹಬ್ಬಕ್ಕೆ ಬಂದವರಿಗೆಲ್ಲ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅವಳು ರೇಷ್ಮೆಯನ್ನು ಕಲ್ಲಿನ ಹತ್ತಿರಕ್ಕೂ ಒಯ್ದಿಲ್ಲವೆಂದು ಆಣೆ ಇಡುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ. ನೇಯ್ದವಳ ಮಾತಿಗೆ ಬೆಲೆ ಹೆಚ್ಚು.

ಹೋದ ವರ್ಷ ಇಲಿ ಆ ಸೆರಗನ್ನು ಕಡಿದು ಜಾಲರಿ ಮಾಡಿತು. ನಾದಿನಿ ಎರಡು ದಿನ ಅತ್ತು, ಅಂಥದ್ದೇ ಇನ್ನೊಂದು ಬೇಕೆಂದು ಹಟ ಹಿಡಿದಳು. ಮಗ್ಗಕ್ಕೆ ಡಿಸೈನ್ ಮಾಡಿಕೊಡುವವರು ಸೆರಗಿನ ಸ್ಪಷ್ಟ ಚಿತ್ರ ಕೇಳಿದರು. ಇದ್ದದ್ದು ಒಂದೇ: ಸೀರೆಯನ್ನು ಮಗ್ಗದಿಂದ ಇಳಿಸಿದ ದಿನ ತೆಗೆದು, ನೇಕಾರರ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದ ಅಂಗೈಯಗಲದ ಚಿತ್ರ.

ಇಬ್ಬರೂ ಅದನ್ನು ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗಿ ಸ್ಕ್ಯಾನ್ ಮಾಡಿದಳು. ಪರದೆಯಲ್ಲಿ ಗಿಳಿಗಳೇ ಇಲ್ಲ. ಬರೀ ಚುಕ್ಕಿ, ಅದರ ಮೇಲೆ ನೀರಿನ ಅಲೆಯಂಥ ಪಟ್ಟೆ. ಅಚ್ಚಿನ ಚಿತ್ರವೆಂದರೆ ಸಣ್ಣ ಚುಕ್ಕಿಗಳ ಗುಂಪು, ಇಷ್ಟೇ ಬರುವುದು ಎಂದು ಅವಳು ಕೈ ಚೆಲ್ಲಿದಳು. ನಾದಿನಿಯ ಮುಖ ಬಾಡಿತು.

ನನಗೆ ಮಾತ್ರ ಮೈಯೆಲ್ಲ ಜುಮ್ಮೆಂದಿತು. ಆ ಅಲೆಗಳನ್ನು ನಾನು ಎಷ್ಟು ಸಲ ನೋಡಿಲ್ಲ! ಮಹಡಿಯ ಮೇಲೆ ಎರಡು ತೆಳು ಸೀರೆ ಒಟ್ಟಿಗೆ ಒಣಗಿದಾಗ ಎಳೆಯ ಮೇಲೆ ಎಳೆ ಕೂತು ಇದೇ ಅಲೆ ಏಳುತ್ತದೆ. ಒಂದು ಸೀರೆಯನ್ನು ಓರೆಯಾಗಿ ಎಳೆದರೆ ಮಾಯ.

"ಕಾಗದಾನ ಗಾಜಿನ ಮೇಲೆ ಒಂಚೂರು ಓರೆಯಾಗಿಡಮ್ಮ" ಎಂದೆ.

ಹುಡುಗಿ ನಕ್ಕಳು, ಆದರೂ ಇಟ್ಟಳು. ಅಲೆಗಳು ಅರ್ಧಕ್ಕರ್ಧ ಇಳಿದವು! ಅವಳಿಗೂ ಹುಮ್ಮಸ್ಸು ಬಂತು. ಅಚ್ಚಿನ ಪುಟಕ್ಕೆಂದೇ ಇದ್ದ ಆಯ್ಕೆಯೊಂದನ್ನು ಹುಡುಕಿ ಒತ್ತಿದಳು, ಮೊದಲಿಗಿಂತ ಎರಡು ಪಟ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದಳು. ಆಮೇಲೆ ಚಿತ್ರವನ್ನು ನೆಟ್ಟಗೆ ತಿರುಗಿಸಿ, ತುಸು ಮಸುಕು ಮಾಡಿ ಚಿಕ್ಕದಾಗಿಸಿದಳು. ಚುಕ್ಕಿಗಳು ಒಂದರೊಳಗೊಂದು ಕರಗಿ ರೇಷ್ಮೆಯಾದವು. ಕಣ್ಣು, ರೆಕ್ಕೆ, ಬಾಲ, ಎಲ್ಲ ಬಂದವು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಜೆರಾಕ್ಸಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ನಾದಿನಿ ಚಪ್ಪಾಳೆ ತಟ್ಟಲಿಲ್ಲ. ಕನ್ನಡಕ ಏರಿಸಿಕೊಂಡು ಪರದೆಯ ಮೂಲೆಗೆ ಬೆರಳಿಟ್ಟಳು. ಮಗ್ಗದಿಂದ ಆಗಷ್ಟೇ ಇಳಿದ, ನೀರೇ ಕಾಣದ ಸೀರೆಯಲ್ಲಿ ಆ ಗಿಳಿಗೆ ಕೊಕ್ಕಿರಲಿಲ್ಲ.

ಈಗ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಪಕ್ಕದ ಮನೆಯವಳ ಜೊತೆ ಹರಟುತ್ತಾ ನೇಯುವಾಗ ಕೊಕ್ಕಿನ ಕೆಂಪು ಎಳೆ ಕಡಿದುಹೋದದ್ದು ನನಗೆ ತಿಳಿದಿರಲಿಲ್ಲ, ತಿಳಿದ ಮೇಲೆ ಹೇಳಲು ನಾಚಿಕೆಯಾಯಿತು. ಹೊಸ ಸೀರೆಯಲ್ಲಿ ಆ ಗಿಳಿಗೂ ಕೊಕ್ಕು ಹಾಕಿಸುತ್ತೇನೆ, ಕ್ಷಮಿಸು ಎಂದೆ.

"ಬೇಡ ಬಿಡು ಅತ್ತಿಗೆ" ಎಂದಳು ನಾದಿನಿ. "ಅದರ ಕೊಕ್ಕು ಮೂವತ್ತು ವರ್ಷದಿಂದ ನಿನ್ನ ಬಾಯಲ್ಲೇ ಚೆನ್ನಾಗ್ ಕೆಲಸ ಮಾಡ್ತಾ ಇದೆ."