ದಿಲ್‌ಪಸಂದ್ ವಿರುದ್ಧ ನಾನು ಹೂಡಿದ ದಾವೆ

ಮಹಾಜನಗಳೇ, ಸಭ್ಯರೇ, ಸಕ್ಕರೆ ಕಾಯಿಲೆಯ ಸಹಭಾಗಿಗಳೇ! ಇಂದು ಬೆಳಿಗ್ಗೆ ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು ಹೋಗಿ, ಶಿಡ್ಲಘಟ್ಟದ ನಮ್ಮ ಬೇಕರಿ ಚಾಚಾ ಮೇಲೆ ದಾವೆ ಹೂಡಿದೆ. ನಾನು ವಾದಿ, ಅವರು ಪ್ರತಿವಾದಿ. ಗಾಜಿನ ಪೆಟ್ಟಿಗೆಯೊಳಗೆ ಸಾಕ್ಷಿಯಾಗಿ ಕೊಬ್ಬರಿ ಸಕ್ಕರೆ ತುಂಬಿದ ದಿಲ್‌ಪಸಂದ್.

"ಚಾಚಾ, ಸಕ್ಕರೆ ಸುರಿಯೋರು ನೀವು, ಸೂಜಿ ಚುಚ್ಚಿಸ್ಕೊಳ್ಳೋರು ನಾವಾ? ನನ್ನ ಶುಗರ್‌ಗೆ ನೀವೇ ಹೊಣೆ!"

ಎಂಬತ್ತು ದಾಟಿದ ಚಾಚಾ ಕನ್ನಡಕ ಏರಿಸಿದರು. "ನಾನೇನು ಬಾಯಿಗೆ ತುರುಕಿದ್ನೇನಪ್ಪಾ?"

"ರಸ್ತೆಗೆಲ್ಲ ಘಮಘಮ ಅನ್ನಿಸಿದ್ರೆ ಮನುಷ್ಯ ಇನ್ನೇನು ಮಾಡ್ತಾನೆ?"

ಆ ಘಮ ಇಂದಿಗೂ ಹಾಗೇ ಇದೆ. ನಾನು ಚಿಕ್ಕವನಿದ್ದಾಗ, ನಮ್ಮೂರು ದಿಬ್ಬೂರಹಳ್ಳಿಯಿಂದ ರೇಷ್ಮೆಗೂಡು ತಂದು ಮಾರಿದ ದಿನ ಅಪ್ಪ ಮಾರ್ಕೆಟ್ಟಿನಿಂದ ನೇರ ಬರುತ್ತಿದ್ದದ್ದು ಇಲ್ಲಿಗೇ. ಬಿಸಿ ದಿಲ್‌ಪಸಂದಿನಲ್ಲಿ ಒಂದು ಪಾಲು ನನಗೆ, ಮೂರು ಪಾಲು ತಮಗೆ. ಬಸ್ಸಿನಲ್ಲಿ ಮೀಸೆಗಂಟಿದ ಕೊಬ್ಬರಿ ಒರೆಸಿಕೊಳ್ಳುತ್ತ, "ಅಮ್ಮಂಗೆ ಹೇಳ್ಬೇಡ ಕಣಪ್ಪ" ಎನ್ನುತ್ತಿದ್ದರು.

ಚಾಚಾ ದನಿ ತಗ್ಗಿಸಿದರು. "ನಿಮ್ಮಪ್ಪಂಗೆ ಶುಗರ್ ಅಂತ ಗೊತ್ತಾದ್ಮೇಲೆ ನಾನು ಒಂದು ಚೂರೂ ಕೊಡ್ಲಿಲ್ಲ. ಬೈದ್ರು, ಮುನಿಸ್ಕೊಂಡ್ರು, ಕೊಡ್ಲಿಲ್ಲ. ಆದ್ರೂ ಕಾಲು ತೆಗೀಬೇಕಾಯ್ತು. ಎಲ್ಲಿಂದ ತರಿಸ್ಕೊಂಡು ತಿಂತಿದ್ರೋ, ಪಾಪ!"

ನಾನು ಚೀಟಿ ಮಡಚಿ ಜೇಬಿಗಿಟ್ಟುಕೊಂಡೆ.

ಮಹಾಜನಗಳೇ, ದಾವೆ ವಾಪಸ್. ಅಪ್ಪನಿಗೆ ಶುಗರ್ ಬಂದಾಗ ನಾನು ಡಿಗ್ರಿ ಓದುತ್ತಿದ್ದೆ. ಪ್ರತಿ ಶನಿವಾರ ಇದೇ ಚಾಚಾ ಹತ್ತಿರ "ನಂಗೇ ಚಾಚಾ, ಹಾಸ್ಟೆಲ್‌ಗೆ" ಎಂದು ಸುಳ್ಳು ಹೇಳಿ, ಕಟ್ಟಿಸಿಕೊಂಡು ಹೋಗಿ ಅಪ್ಪನಿಗೆ ಕೊಡುತ್ತಿದ್ದವನು ನಾನೇ.