ಎಣ್ಣೆ ಕುಡಿದ ಲೈನರ್

೧೯೭೬ನೇ ಇಸವಿ. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ನಮ್ಮ ಮನೆಯ ಹಿಂದೆ ತಗಡಿನ ಚಪ್ಪರದಡಿ ನಾನು ಬ್ರೇಕ್ ಲೈನರ್ ಹೊಡೆಯುವ ಕೆಲಸ ಮಾಡುತ್ತಿದ್ದೆ. ಮೊದಲು ಅದು ಗಂಡನ ಕೆಲಸ. ಅವನು ಸತ್ತ, ಸುತ್ತಿಗೆ ನಾನು ಹಿಡಿದೆ. ಎರಡನೇ ಕ್ಲಾಸಿಗೆ ಸಾಲಿ ಬಿಟ್ಟವಳಿಗೆ ಬೇರೆ ಯಾವ ಕೆಲಸ ಸಿಗುತ್ತದೆ?

ಆಗಿನ ಕಾರುಗಳಿಗೆ ಈಗಿನ ಹಾಗೆ ಪ್ಯಾಡು, ಡಿಸ್ಕು ಇರಲಿಲ್ಲ. ಚಕ್ರದೊಳಗೆ ಡ್ರಮ್ ಎಂಬ ಕಬ್ಬಿಣದ ಬೋಗುಣಿ. ಚಕ್ರದ ಜೊತೆ ಅದೂ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರದಂಥ ಎರಡು ಶೂ, ಶೂ ಮೇಲೆ ಲೈನರ್ ಎಂಬ ಗಡಸು ಪಟ್ಟಿ. ಪೆಡಲ್ ತುಳಿದರೆ ಶೂ ಅಗಲವಾಗಿ ಲೈನರ್ ಡ್ರಮ್ಮಿಗೆ ಉಜ್ಜುತ್ತದೆ, ಗಾಡಿ ನಿಲ್ಲುತ್ತದೆ. ಸವೆದ ಲೈನರ್ ಕಿತ್ತು ಹೊಸದನ್ನು ತಾಮ್ರದ ರಿವೆಟ್ ಬಡಿದು ಕೂರಿಸುವುದು ನನ್ನ ಕೆಲಸ. ರಿವೆಟ್ಟಿನ ತಲೆ ಲೈನರಿನೊಳಗೆ ಇಳಿದಿರಬೇಕು, ಇಲ್ಲದಿದ್ದರೆ ಡ್ರಮ್ಮನ್ನು ಕೆರೆದು ಹಾಳುಮಾಡುತ್ತದೆ.

ನನಗೆ ಕೆಲಸ ಕೊಡುತ್ತಿದ್ದವನು ಗ್ಯಾರೇಜಿನ ಖಾಸಿಂ ಮೇಸ್ತ್ರಿ. ಮೊದಲ ದಿನವೇ ಹೇಳಿದ್ದ: "ನಿನ್ನ ಗಂಡ ಹೊಡೆದ ಲೈನರ್ ಒಂದೂ ತಿರುಗಿ ಬಂದಿಲ್ಲ, ತಿಪ್ಪಮ್ಮ. ನಿಂದು ಒಂದು ತಿರುಗಿ ಬಂತಂದ್ರ ಮತ್ತ ಈ ಕಡಿ ಬರಬ್ಯಾಡ." ಮನೆಯಲ್ಲಿ ಎರಡು ಹೆಣ್ಣು ಮಕ್ಕಳು. ಲೈನರ್ ಹಿಡಿದರೆ ಊಟ, ಬಿಟ್ಟರೆ ಇಲ್ಲ. ಅಷ್ಟೇ ಲೆಕ್ಕ.

ಆ ವರ್ಷ ಮಹಾನವಮಿಗೆ ಕುರುಗೋಡಿನ ಒಬ್ಬ ಸಾವ್ಕಾರ ಹೇಳಿಕಳಿಸಿದ. ಅವನ ಅಂಬಾಸಿಡರ್ ಕಾರಿನ ಲೈನರ್ ಮುಗಿದಿದ್ದವು. ಕಾರು ಗ್ಯಾರೇಜಿನಲ್ಲಿ ಚಕ್ರ ಕಳಚಿಕೊಂಡು ನಿಂತರೆ ಅವನ ಮಾನ ಹೋಗುತ್ತದಂತೆ. ಎಲ್ಲ ಅವನ ಅಂಗಳದಲ್ಲೇ ಆಗಬೇಕು. ಡ್ರೈವರ್ ಈರಣ್ಣ ಡ್ರಮ್ಮುಗಳನ್ನು ಬಳ್ಳಾರಿಗೆ ತಂದು ಲೇತ್ ಯಂತ್ರಕ್ಕೆ ಹಾಕಿಸಿ ಒಳಮೈ ನುಣುಪು ಮಾಡಿಸಿದ. ಹಬ್ಬದ ದಿನ ಮುಂಜಾನೆ ಅವನು ಡ್ರಮ್ಮು ಹೊತ್ತ, ನಾನು ಹೊಸ ಲೈನರ್ ಹೊತ್ತೆ. ಬಸ್ಸು ಹತ್ತಿದೆವು.

ಮಧ್ಯಾಹ್ನಕ್ಕೆ ರಿವೆಟ್ ಮುಗಿಯಿತು. ಅಂಚಿಗೆ ಅರ ಹಾಕಿ, ಶೂ, ಡ್ರಮ್ಮು ಎಲ್ಲ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟೆ. ನನಗೆ ಊಟಕ್ಕೆ ದನದ ಕೊಟ್ಟಿಗೆಯ ಮಗ್ಗುಲಲ್ಲಿ ಎಲೆ ಹಾಕಿದರು. ಉಂಡು ಬರುವಷ್ಟರಲ್ಲಿ ಸಾವ್ಕಾರನ ಸೊಸೆ ಕುಡುಗೋಲು, ತಕ್ಕಡಿ, ಗುದ್ದಲಿಗಳಿಗೆ ಎಣ್ಣೆ ಸವರುತ್ತ ನನ್ನ ಲೈನರುಗಳಿಗೂ ಒಂದನ್ನೂ ಬಿಡದೆ ಸವರಿ ವಿಭೂತಿ ಬಳಿಯುತ್ತಿದ್ದಳು. ಕಟ್ಟೆಯ ಮೇಲೆ ಕೂತು ಮಾಡಿಸುತ್ತಿದ್ದವಳು ಸಾವ್ಕಾರನ ತಾಯಿ. ಅವಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು.

"ಏನ್ ಮಾಡಿದ್ರಿ ಇದು?" ಎಂದೆ.

"ಆಯುಧ ಪೂಜಿ ದಿನ ಮುಂಡಿ ಮುಟ್ಟಿದ ಕಬ್ಬಿಣ ಹಂಗ ಗಾಡಿಗೆ ಹಾಕ್ತಾರೇನು?" ದೊಡ್ಡವ್ವ ನನ್ನ ಮುಖ ನೋಡದೆ ಹೇಳಿದಳು. "ಶುದ್ಧ ಮಾಡೀವಿ. ಹೊಳೀಬೇಕು."

ಅವಳ ಗಂಡ ಬದುಕಿದ್ದ. ಒಳಗೆ ಕೆಮ್ಮುತ್ತಿದ್ದ.

"ಹೊಳೀತು ಬಿಡ್ರಿ. ಇನ್ನ ಒಲಿಗೆ ಹಾಕ್ರಿ," ಎಂದೆ.

ಸಾವ್ಕಾರ ಹೊರಗೆ ಬಂದ. ಎಣ್ಣೆ ಕುಡಿದ ಲೈನರ್ ಸತ್ತ ಹಾಗೆ ಎಂದು ತಿಳಿಸಿದೆ.

"ಪೆಟ್ರೋಲಿನಾಗ ತೊಳದು ಹಾಕಲೇ ಈರಣ್ಣ," ಎಂದ.

"ಮ್ಯಾಲಿಂದು ಹೋಗತೈತ್ರಿ, ಒಳಗ ಇಳದದ್ದು ಹೋಗಂಗಿಲ್ಲ. ಬಿಸಿ ಆದ್ರ ಬೆವರತೈತಿ. ಹಬ್ಬ ಮುಗದು ಅಂಗಡಿ ತಗದ ಮ್ಯಾಲ ಬ್ಯಾರೆ ತರ್ತೀನಿ."

"ನಾಳಿ ಸಿರುಗುಪ್ಪಕ್ಕ ಬೀಗರ ಮನಿಗೆ ಬನ್ನಿ ಕೊಡಾಕ ಹೋಗಬೇಕು. ಬಸ್ಸಿನಾಗ ಹೋಗಲೇನು?"

"ನಾ ಬಸ್ಸಿನಾಗ ಬಂದೀನಲ್ರಿ."

"ನೀ ಬರ್ತಿ," ಎಂದು ನಕ್ಕ.

ನಾನು ಕೈ ಹಚ್ಚಲಿಲ್ಲ. ಈರಣ್ಣನೇ ತೊಳೆದು ಒರೆಸಿ ಕೂರಿಸತೊಡಗಿದ. ಹಾಕಬೇಡ ಎಂದು ಅವನ ಕಿವಿಯಲ್ಲಿ ಹೇಳಿದೆ. ಅವನ ಗುಡಿಸಲು ಅದೇ ಅಂಗಳದ ಮೂಲೆಯಲ್ಲಿತ್ತು. ಹೆಂಡತಿ ಅಲ್ಲೇ ಕಸ ಹೊಡೆಯುತ್ತಿದ್ದಳು. "ಹಾಕಂಗಿಲ್ಲ ಅಂದ್ರ ಹೆಂಡ್ತಿನ್ನ ಎಲ್ಲಿ ಮಲಗಸಲಿ, ತಿಪ್ಪಮ್ಮಕ್ಕಾ?" ಎಂದ.

ಅಂಗಳದಲ್ಲಿ ಒಂದು ಸುತ್ತು ಓಡಿಸಿ ಪೆಡಲ್ ತುಳಿದ. ಗಾಡಿ ನಿಂತಿತು. "ನಿಂತಿತಲ್ಲಬೇ, ಪಂಡಿತಿ," ಎಂದ ಸಾವ್ಕಾರ. ತಣ್ಣಗಿರುವಾಗ ಹಿಡಿಯುತ್ತದೆ ಎಂದೆ. ಯಾರೂ ಕೇಳಲಿಲ್ಲ. ಬಸ್ಸು ಹಿಡಿದು ಬಂದುಬಿಟ್ಟೆ.

ಮರುದಿನ ಸಿರುಗುಪ್ಪದ ದಾರಿಯಲ್ಲಿ ಹಬ್ಬದ ಜನ, ಬಂಡಿ, ಕುರಿ. ತುಳಿದು ತುಳಿದು ಲೈನರ್ ಕಾದವು. ಕಾಲುವೆಯ ಹತ್ತಿರ ಮುಂದೆ ಜನ ತುಂಬಿದ ಎತ್ತಿನ ಬಂಡಿ. ಈರಣ್ಣ ಪೆಡಲನ್ನು ನೆಲ ಮುಟ್ಟುವಂತೆ ತುಳಿದ. ಕಾರು ನಿಲ್ಲಲಿಲ್ಲ. ಬಂಡಿಯನ್ನು ತಪ್ಪಿಸಿ ತನ್ನ ಬದಿಯನ್ನೇ ಬೇವಿನ ಮರಕ್ಕೆ ಕೊಟ್ಟ. ಹಿಂದೆ ಕೂತಿದ್ದ ಸಾವ್ಕಾರನ ಹಣೆ ಊದಿತು. ಅವನ ಪಕ್ಕದಲ್ಲಿದ್ದ ದೊಡ್ಡವ್ವನಿಗೆ ಏನೂ ಆಗಲಿಲ್ಲ. ಈರಣ್ಣನ ಬಲಗಾಲನ್ನು ಬಳ್ಳಾರಿ ಆಸ್ಪತ್ರೆಯಲ್ಲಿ ಮೊಣಕಾಲಿಗೆ ಕತ್ತರಿಸಿದರು. ಇದನ್ನೆಲ್ಲ ಅಲ್ಲಿ ಮಲಗಿಕೊಂಡು ಅವನೇ ನನಗೆ ಹೇಳಿದ.

ಅವನು ಮಂಚ ಬಿಟ್ಟು ಏಳುವ ಮೊದಲೇ ಸಾವ್ಕಾರ ಖಾಸಿಂ ಮೇಸ್ತ್ರಿಯ ಗ್ಯಾರೇಜಿಗೆ ಬಂದು, ತಿಪ್ಪಮ್ಮನ ಲೈನರ್ ಕೈಕೊಟ್ಟಿತು ಎಂದು ಹೇಳಿ ಹೋದ. ನನಗೆ ಶೂ ಬರುವುದು ನಿಂತಿತು. ಒಲೆ ಹೊತ್ತದ ದಿನಗಳೂ ಬಂದವು. ಕೊನೆಗೆ ಖಾಸಿಂ ಮುಂದೆ ನಿಂತು, "ಕಾರು ಇನ್ನಾ ಸಾವ್ಕಾರನ ಅಂಗಳದಾಗ ಹಂಗ ಬಿದ್ದೈತಿ. ಬಂದು ಕಣ್ಣಿಲೆ ನೋಡು, ಆಮ್ಯಾಲ ಬೈ," ಎಂದೆ.

ಇಬ್ಬರೂ ಕುರುಗೋಡಿಗೆ ಹೋದೆವು. ಗೇಟಿನಲ್ಲಿ ಸ್ಟೂಲಿನ ಮೇಲೆ ಈರಣ್ಣ ಕೂತಿದ್ದ, ಪಕ್ಕಕ್ಕೆ ಊರುಗೋಲು. ಸಾವ್ಕಾರ ಅವನಿಗೆ ಗೇಟು ಕಾಯುವ ಕೆಲಸ ಕೊಟ್ಟಿದ್ದ, ಗುಡಿಸಲು ಬಿಡಿಸಿರಲಿಲ್ಲ. ಸಾವ್ಕಾರನೂ ದೊಡ್ಡವ್ವನೂ ಕಟ್ಟೆಗೆ ಬಂದು ಕೂತರು, ಊರಿನ ನಾಲ್ಕು ಮಂದಿಯೂ ಸೇರಿದರು. ಖಾಸಿಂ ಹಿಂದಿನ ಚಕ್ರ ಬಿಚ್ಚಿ ಶೂ ತೆಗೆದ. ರಿವೆಟ್ ಒಂದೊಂದನ್ನೂ ಉಗುರಿನಿಂದ ಮುಟ್ಟಿ ನೋಡಿದ. ಎಲ್ಲ ಬಿಗಿಯಾಗಿದ್ದವು. ನಾನು ಇದ್ದಲಿ ಒಲೆ ಕೇಳಿ ಪಡೆದು ಅದರ ಮೇಲೆ ಶೂ ಇಟ್ಟೆ. ಸ್ವಲ್ಪ ಹೊತ್ತಿಗೆ ಲೈನರ್ ಬೆವರಿತು. ಹನಿ ಇಳಿದು ಅಂಗಳಕ್ಕೆಲ್ಲ ಮಿರ್ಚಿ ಕರಿದ ವಾಸನೆ ಹಬ್ಬಿತು.

"ಬ್ರೇಕ್ ಆಯಿಲ್ ಅಲ್ಲ ಇದು. ಶೇಂಗಾ ಎಣ್ಣಿ," ಎಂದ ಖಾಸಿಂ.

ಸಾವ್ಕಾರ ತಾಯಿಯ ಕಡೆ ತಿರುಗಲೇ ಇಲ್ಲ. ಗೇಟಿನ ಕಡೆ ತಿರುಗಿದ. "ಈರಣ್ಣಾ, ಯಾರು ಹಚ್ಚಿದ್ದಲೇ ಎಣ್ಣಿ?"

ಈರಣ್ಣ ಗುಡಿಸಲ ಕಡೆ ನೋಡಿದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ನಾನ ಹಚ್ಚಿದೆರಿ."

"ಯಾಕ ಹಚ್ಚಿದ್ಯೋ?" ಎಂದು ನಾನು ಕೇಳಿದೆ.

"ಹೊಳೀಬೇಕು ಅಂತ," ಎಂದ.

"ಹಬ್ಬದ ದಿನ ಕುಡದಿದ್ದ ಕಾಣತೈತಿ," ಎಂದು ದೊಡ್ಡವ್ವ ಎದ್ದು ಒಳಗೆ ಹೋದಳು.

ಎಣ್ಣೆ ಯಾರದೆಂದು ನಾನು ಹೇಳಿದೆ. ಊರವರು ಒಬ್ಬೊಬ್ಬರಾಗಿ ಕಾಲು ಕಿತ್ತರು. ಈರಣ್ಣ, "ಅಕ್ಕಾ, ಸಾಕು ಬಿಡು. ನಿನ್ನ ಹೆಸರು ಉಳೀತಲ್ಲ," ಎಂದ. ಉಳಿದಿತ್ತು. ನಾನು ಬಂದದ್ದೂ ಅದಕ್ಕೇ. ಮರುದಿನ ಖಾಸಿಂ ಒಂದು ಗೋಣಿ ತುಂಬ ಶೂ ಕಳಿಸಿದ.

ಮುಂದಿನ ಮಹಾನವಮಿಗೆ ಸಾವ್ಕಾರ ಮತ್ತೆ ಹೇಳಿಕಳಿಸಿದ. ಬರುವುದಿಲ್ಲ ಎಂದೆ. ರಿಪೇರಿಯಾದ ಕಾರೇ ನನ್ನ ಚಪ್ಪರದ ಮುಂದೆ ಬಂದು ನಿಂತಿತು, ಹೊಸ ಡ್ರೈವರನ ಜೊತೆ. ಲೈನರ್ ಹೊಡೆದೆ, ಗಟ್ಟಿಯಾಗಿಯೇ ಹೊಡೆದೆ. ಅಂದಿನಿಂದ ಡ್ರಮ್ಮು ಮುಚ್ಚುವವರೆಗೆ ಲೈನರನ್ನು ಕಣ್ಣ ಮುಂದಿನಿಂದ ಸರಿಸಿಲ್ಲ, ಊಟವನ್ನೂ ಅದರ ಪಕ್ಕದಲ್ಲೇ ಮಾಡಿದ್ದೇನೆ. ಹೊಸ ಡ್ರೈವರ್ ಯಾರೇ ಬರಲಿ, ಕೂರಿಸಿಕೊಂಡು ಒಂದು ಮಾತು ಹೇಳುತ್ತಿದ್ದೆ: ಬ್ರೇಕ್ ಹಿಡಿಯದಿದ್ದರೆ ಮೊದಲು ಮರಕ್ಕೆ ಸಿಗುವುದು ನಿನ್ನ ಕಾಲು, ಹಿಂದಿನ ಸೀಟಿನವರದಲ್ಲ.