ಐಸ್ ಪೆಟ್ಟಿಗೆಯಲ್ಲಿ ಫರ್ವಾನಿಯಾದ ನೀರು

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಕುವೈತಿನಲ್ಲಿ ಇಳಿದೆ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾದಿ. ತಂಗಿ ಗೀತಾ ಕರೆಯಲು ಬಂದಿದ್ದಳು. ಅವಳು ಅಲ್ಲಿನ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಫರ್ವಾನಿಯಾದಲ್ಲಿ ಅವಳ ಮನೆ, ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಹದಿನೈದೇ ನಿಮಿಷ. ನಾಲ್ಕು ಮಹಡಿಯ ಹಳೆಯ ಕಟ್ಟಡ, ಕೆಳಗೆ ದಿನಸಿ ಅಂಗಡಿ, ಪಕ್ಕದಲ್ಲಿ ಕ್ಷೌರದಂಗಡಿ.

ಮುಖ ತೊಳೆಯಲು ನಲ್ಲಿ ತಿರುಗಿಸಿದೆ. ನೀರು ಹಸಿ ಬಟ್ಟೆ ಮುಗ್ಗಿದ ವಾಸನೆ ಹೊಡೆಯಿತು.

"ಅಕ್ಕಾ, ಕುಡಿಯೋಕೆ ಬಾಟಲಿ ನೀರು ತರಿಸ್ತೀವಿ. ನೀನು ರಜಕ್ಕೆ ಬಂದಿದ್ದೀಯ, ತಲೆ ಕೆಡಿಸ್ಕೋಬೇಡ" ಎಂದಳು ಗೀತಾ.

ತಲೆ ಕೆಡಿಸಿಕೊಳ್ಳದಿರುವುದು ನನ್ನಿಂದ ಆಗದ ಕೆಲಸ. ತುಮಕೂರಿನಲ್ಲಿ ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತಳಾದವಳು ನಾನು. ಈ ದೇಶದಲ್ಲಿ ನದಿಯಿಲ್ಲ; ಸಮುದ್ರದ ನೀರನ್ನೇ ಸಿಹಿ ಮಾಡಿ ಸರ್ಕಾರ ಮನೆಮನೆಗೆ ಕೊಡುತ್ತದೆ. ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದು ಆ ಸಂಜೆಯೇ ಊರಿಗೆ ಫೋನು ಮಾಡಿ ಗಂಡನಿಗೆ ಹೇಳಿಬಿಟ್ಟೆ.

ಮೂರನೆಯ ದಿನ ಎದುರು ಮನೆಯ ಐರಿನ್ ಪರಿಚಯವಾದರು. ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರೈಸ್ತರು, ನರ್ಸ್. ಎಂಟು ವರ್ಷದ ಮಗಳಿಗೆ ವಾರದಿಂದ ಹೊಟ್ಟೆ ಸರಿಯಿರಲಿಲ್ಲ.

"ಕುಡಿಲಿಕ್ಕೆ ಬಾಟಲಿಯೇ ಅಕ್ಕಾ. ಆದ್ರೆ ಹಲ್ಲುಜ್ಜುದು, ಹಣ್ಣು ತೊಳೆಯುದು ಎಲ್ಲ ಇದ್ರಲ್ಲೇ ಅಲ್ವಾ" ಎಂದರು. "ಮೇಲಿನ ಮಹಡಿಯ ಒಂದು ಮಗುವಿಗೂ ಹೀಗೇ ಉಂಟು."

ಕಟ್ಟಡದ ಕಾವಲುಗಾರ ರಫೀಕ್ ಬಾಂಗ್ಲಾದೇಶದವನು. ಕೇಳಿದರೆ ಹಿಂದಿಯಲ್ಲಿ, ಅದು ಸರ್ಕಾರದ ನೀರು, ತಾನೇನು ಮಾಡಲಿ ಎಂದ. ಸರ್ಕಾರದ ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಿಸೋಣ ಎಂದೆ ನಾನು. "ಹೋಗುವ ಅಕ್ಕಾ. ನನಗೆ ಬುಧವಾರ ರಜೆ ಉಂಟು" ಎಂದರು ಐರಿನ್.

ಬುಧವಾರ ಬೆಳಿಗ್ಗೆ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ನೀರು ಹಿಡಿದೆ. ಐರಿನ್ ಮೀನು ತರಲು ಬಳಸುವ ಪೆಟ್ಟಿಗೆಯನ್ನು ಚೆನ್ನಾಗಿ ತೊಳೆದು, ಐಸ್ ತುಂಬಿ, ಬಾಟಲಿಯನ್ನು ಅದರೊಳಗೆ ಕೂರಿಸಿದೆವು. ಹಿಡಿದ ಆರು ತಾಸಿನೊಳಗೆ ನೀರು ಪರೀಕ್ಷೆಗೆ ತಲುಪಬೇಕು, ಇಲ್ಲದಿದ್ದರೆ ಫಲಿತಾಂಶ ನಂಬುವಂತಿರುವುದಿಲ್ಲ. ಒಂಬತ್ತಕ್ಕೆಲ್ಲ ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಪ್ರಯೋಗಾಲಯವಿರುವ ಶುವೈಖ್‌ಗೆ ಬಸ್ಸಿನಲ್ಲಿ ಒಬ್ಬರಿಗೆ ಮುನ್ನೂರು ಫಿಲ್ಸ್. ದೂರ ಹತ್ತು ಕಿಲೋಮೀಟರ್ ಇರಬಹುದು, ಆದರೆ ದಾರಿಯಲ್ಲಿ ರಾಯ್ ಎಂಬ ಜಾಗದ ಬಳಿ ವಾಹನಗಳು ಸಾಲುಗಟ್ಟಿ ನಿಂತು ಮುಕ್ಕಾಲು ಗಂಟೆ ಹಿಡಿಯಿತು. ಪಕ್ಕದ ಸೀಟಿನ ಮೆಕ್ಯಾನಿಕ್ ಪೆಟ್ಟಿಗೆಯ ಕಡೆಯೇ ನೋಡುತ್ತಿದ್ದ.

"ಯಾವ ಮಛಲಿ, ಬೆಹನ್?"

"ಮಛಲಿ ಅಲ್ಲ ಭಾಯಿ, ಪಾನಿ" ಎಂದರು ಐರಿನ್. ಅವನು ಇಳಿಯುವವರೆಗೂ ನಮ್ಮನ್ನು ಅನುಮಾನದಿಂದಲೇ ನೋಡಿದ.

ಪ್ರಯೋಗಾಲಯದಲ್ಲಿ ನಮ್ಮನ್ನು ಯೂಸುಫ್ ಎಂಬ ಈಜಿಪ್ಟಿನ ಕೆಮಿಸ್ಟ್ ಬಳಿಗೆ ಕಳಿಸಿದರು. ಐವತ್ತರ ಆಸುಪಾಸಿನ ಮನುಷ್ಯ. ಬಾಟಲಿಯನ್ನು ಮುಟ್ಟಲೂ ಇಲ್ಲ. ಹೊರಗಿನವರು ಹಿಡಿದು ತಂದ ನೀರನ್ನು ಪರೀಕ್ಷಿಸುವುದಿಲ್ಲ, ತಮ್ಮವರೇ ಬಂದು ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಐರಿನ್ ಮುಖ ಸಪ್ಪಗಾಯಿತು. ನನಗೆ ನಗು ತಡೆಯಲಾಗಲಿಲ್ಲ. ಉಪ್ಪಿನಕಾಯಿ ಬಾಟಲಿ, ಎಣ್ಣೆ ಕ್ಯಾನು, ಔಷಧಿ ಶೀಷೆಗಳಲ್ಲಿ ನೀರು ತಂದ ಅದೆಷ್ಟು ಜನರನ್ನು ನಾನು ಇದೇ ಮಾತು ಹೇಳಿ ವಾಪಸು ಕಳಿಸಿದ್ದೆನೋ. ನನ್ನದು ಕುದಿಸಿದ ಬಾಟಲಿ, ಒಪ್ಪಿಯಾರು ಎಂಬ ಆಸೆಯಲ್ಲಿ ಬಂದಿದ್ದೆ. ನನ್ನ ಹಳೆಯ ಕೆಲಸದ ವಿಷಯವನ್ನು ಅವರಿಗೂ ಹೇಳಿದೆ. ಯೂಸುಫ್ ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು.

"ಹಾಗಾದರೆ ನೀವು ನಮ್ಮವರೇ. ನಾನು ತಂದಿದ್ದರೆ ನೀವು ತೆಗೆದುಕೊಳ್ಳುತ್ತಿದ್ದಿರಾ?"

"ಇಲ್ಲ" ಎಂದೆ.

ದೂರಿನ ಅರ್ಜಿ ತುಂಬಿಸಿಕೊಂಡು, ಭಾನುವಾರ ಬರುತ್ತೇವೆ ಎಂದರು. ಆಗ ಐರಿನ್ ಅರೇಬಿಕ್‌ನಲ್ಲಿ ಮಗಳ ವಿಷಯ ಹೇಳಿದರು. ಯೂಸುಫ್ ಗಡಿಯಾರ ನೋಡಿ, ವ್ಯಾನಿನ ಬೀಗದ ಕೈ ತೆಗೆದುಕೊಂಡರು. ನಾವು ಅದೇ ವ್ಯಾನಿನ ಹಿಂದಿನ ಸೀಟಿನಲ್ಲಿ, ತಂಪಾಗಿ, ಫರ್ವಾನಿಯಾಕ್ಕೆ ಮರಳಿದೆವು.

ಅವರು ಮೊದಲು ರಸ್ತೆಯ ಪೈಪು ಕಟ್ಟಡದೊಳಕ್ಕೆ ಬರುವ ಮೀಟರಿನ ಬಳಿ ನೀರು ಹಿಡಿದು ಕ್ಲೋರಿನ್ ಪರೀಕ್ಷೆಯ ಮಾತ್ರೆ ಹಾಕಿದರು. ನೀರು ಒಳ್ಳೆಯ ಗುಲಾಬಿ ಬಣ್ಣಕ್ಕೆ ತಿರುಗಿತು. ಕ್ಲೋರಿನ್ ಸರಿಯಾಗಿದೆ ಎಂದರ್ಥ. ವಾಸನೆಯೂ ಇರಲಿಲ್ಲ. ಆಮೇಲೆ ತಾರಸಿ ಹತ್ತಿದೆವು. ಅಲ್ಲಿನ ಟ್ಯಾಂಕಿನ ಮುಚ್ಚಳ ಎರಡು ಹೋಳಾಗಿ, ಹಗ್ಗದಲ್ಲಿ ಬಿಗಿದಿತ್ತು. ಒಳಗೆ ತಳದಲ್ಲಿ ಮರಳು, ಗೋಡೆಗೆಲ್ಲ ಕಂದು ಲೋಳೆ. ಆ ನೀರಿಗೆ ಮಾತ್ರೆ ಹಾಕಿದರೆ ಬಣ್ಣವೇ ಬರಲಿಲ್ಲ.

"ಮೀಟರಿನವರೆಗೆ ನಾವು ನೋಡುತ್ತೇವೆ. ಅಲ್ಲಿಂದ ಮೇಲೆ ನೋಡಬೇಕಾದವರು ಕಟ್ಟಡದವರು" ಎಂದರು ಯೂಸುಫ್. ನಾನು ಊರಿಗೆ ಫೋನಿನಲ್ಲಿ ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು, ಒಂದು ಸಲ ತಾರಸಿ ಹತ್ತಿ ನೋಡಬೇಕೆಂದು ನನಗೇ ತೋಚಿರಲಿಲ್ಲ. ರಫೀಕ್ ತಲೆ ತಗ್ಗಿಸಿ, ಮಂಡಿ ನೋವು, ಮೇಲೆ ಹತ್ತದೆ ತಿಂಗಳುಗಳಾದವು ಎಂದು ಒಪ್ಪಿಕೊಂಡ.

ಯೂಸುಫ್ ಬರೆದುಕೊಟ್ಟ ಚೀಟಿ ನೋಡಿ ಕಟ್ಟಡದ ಮಾಲೀಕರು ಮರುದಿನವೇ ಹೊಸ ಮುಚ್ಚಳ ಕಳಿಸಿದರು. ಶುಕ್ರವಾರ ಬಿಸಿಲೇರುವ ಮೊದಲೇ ಎಲ್ಲರೂ ತಾರಸಿಯಲ್ಲಿ ಸೇರಿದೆವು. ಟ್ಯಾಂಕು ಬರಿದು ಮಾಡಿ, ಉಜ್ಜಿ, ಕ್ಲೋರಿನ್ ನೀರಿನಲ್ಲಿ ತೊಳೆದಿದ್ದಾಯಿತು. ಮೂರನೆಯ ಮಹಡಿಯ ಮಲಯಾಳಿಗಳು ಚಹಾ ತಂದರು, ಐರಿನ್ ಇಡ್ಲಿಯಂಥ ಸನ್ನ ಬೇಯಿಸಿ ತಂದರು. ರಫೀಕ್‌ಗೆ ಕುರ್ಚಿ ಹಾಕಿ, ನೀನು ಕೂತು ಹೇಳು ಭಾಯಿ, ನಾವು ಉಜ್ಜುತ್ತೇವೆ ಎಂದರು ಯಾರೋ. ಅವನು ನಿಜಕ್ಕೂ ಕೂತು ತಪ್ಪು ತೋರಿಸತೊಡಗಿದ.

ಭಾನುವಾರ ಯೂಸುಫ್ ಮತ್ತೆ ಬಂದು ನೀರು ಹಿಡಿದುಕೊಂಡು ಹೋದರು. ಅಷ್ಟರಲ್ಲಿ ಐರಿನ್ ಮಗಳು ಚೇತರಿಸಿಕೊಂಡು ಮೆಟ್ಟಿಲಲ್ಲಿ ಓಡಾಡುತ್ತಿದ್ದಳು.

ಬುಧವಾರ ನನ್ನ ವಿಮಾನ. ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಐರಿನ್ ವರದಿಯ ಫೋಟೋವನ್ನು ನನ್ನ ಫೋನಿಗೆ ಕಳಿಸಿದರು. ಪೂರ್ತಿ ಅರೇಬಿಕ್. ಪಕ್ಕದಲ್ಲಿ ಕಪ್ಪು ಅಬಾಯಾ ತೊಟ್ಟ ಕುವೈತಿ ಅಜ್ಜಿಯೊಬ್ಬರು ಕೂತಿದ್ದರು. ಇಂಗ್ಲಿಷಿನಲ್ಲಿ ವಿನಂತಿಸಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ ಹೇಳಿದರು. ಕೊನೆಗೆ, ಎಲ್ಲ ಚೆನ್ನಾಗಿದೆ, ಕುಡಿಯಲು ಯೋಗ್ಯ ಎಂದರು. ನನ್ನ ಕಣ್ಣು ತುಂಬಿತು.

ಇದು ಯಾವ ನೀರು ಎಂದು ಅವರು ಕೇಳಿದರು. ಕಥೆಯನ್ನೆಲ್ಲ ಹೇಳಿದೆ. ಮುಚ್ಚಳದ ವಿಷಯಕ್ಕೆ ಬಂದಾಗ ಅವರು ಕನ್ನಡಕ ತೆಗೆದರು.

"ನನ್ನ ಮನೆಯ ಟ್ಯಾಂಕು ನಾನು ಒಮ್ಮೆಯೂ ನೋಡಿಲ್ಲ" ಎಂದು ಕೂಡಲೇ ಮಗನಿಗೆ ಫೋನು ಹಚ್ಚಿದರು. ಆತ ಏನೋ ಸಬೂಬು ಹೇಳುತ್ತಿದ್ದಂತೆ ಕಂಡಿತು. ಹನ್ನೆರಡು ದಿನಗಳಲ್ಲಿ ನಾನು ಕಲಿತ ಅರೇಬಿಕ್ ಎರಡೇ ಪದ: ಮಾಯ್ ಎಂದರೆ ನೀರು, ಯಲ್ಲಾ ಎಂದರೆ ಹೊರಡು. ಅಜ್ಜಿಯ ಮಾತಿನಲ್ಲಿ ಮಾಯ್ ನಾಲ್ಕು ಸಲ ಬಂತು. ಯಲ್ಲಾ ಎಂದು ಗದರಿ, ಫೋನು ಇಡದೆ ಕಿವಿಗೆ ಹಿಡಿದೇ ಕೂತರು. ನನ್ನ ವಿಮಾನಕ್ಕೆ ಕರೆ ಬಂತು. ಎದ್ದು ನಿಂತ ನನ್ನ ಕೈಹಿಡಿದು ನಿಲ್ಲಿಸಿ, "ತಾಳಿ, ಮೆಟ್ಟಿಲು ಹತ್ತುತ್ತಿದ್ದಾನೆ" ಎಂದರು.